ಚೌತಿಗೆ ಊರಿಗೆ ಹೋದ ಆರು ಮಂದಿ ಯಾಕೆ ವಾಪಸ್ ಬರಲಿಲ್ಲ?

ಪ್ರಶ್ನೆ: ನಾನು ಕಾರ್ಕಳ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನಮ್ಮಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಮೂವತ್ತು ಮಂದಿ ಇದ್ದಾರೆ. ಹೆಚ್ಚಿನವರು ಹುಡುಗಿಯರು. ಕಳೆದ ಚೌತಿ ಸಮಯದಲ್ಲಿ ಊರಿಗೆ ಹೋದವರಲ್ಲಿ ಆರು ಮಂದಿ ವಾಪಸ್ ಬರಲೇ ಇಲ್ಲ. ‘ಅವರಿಗೆ ದುಡ್ಡು ಬಿಟ್ಟರೆ ಬೇರೇನೂ ಬೇಡ, ಯಾರೋ ಐವತ್ತು ರೂಪಾಯಿ ಜಾಸ್ತಿ ಅಂದಿರಬೇಕು’ ಅಂತ ನಮ್ಮ ಧಣಿಗಳು ಹೇಳುತ್ತಾರೆ. ನನ್ನ ಅಕ್ಕನ ಮಗಳು ಎಂಎಸ್‌ಡಬ್ಲ್ಯೂ ಮಾಡಿ ಮಂಗಳೂರಿನ ಒಂದು ಸೇವಾ ಸಂಸ್ಥೆಯಲ್ಲಿ ಇದ್ದಾಳೆ. ‘ಪಾಪ, ಬೇರೆ ದಾರಿ ಇಲ್ಲದೆ ಬಂದವರು, ಶೋಷಣೆ ತಡೆಯಲಾಗದೆ ಹೋಗಿದ್ದಾರೆ’ ಅಂತ ಅವಳು ಹೇಳುತ್ತಾಳೆ. ದಿನಾ ಅವರ ಜೊತೆಗಿರುವ ನನಗೆ ಎರಡೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಅವರು ನಿಜವಾಗಿ ಯಾಕೆ ಬರುತ್ತಾರೆ, ಯಾಕೆ ಹೋಗುತ್ತಾರೆ? ಉಳಿಸಿಕೊಳ್ಳಲು ನಾನೇನು ಮಾಡಬಹುದು?

ಉತ್ತರ: ನಿಮ್ಮ ಧಣಿಗಳೂ ಸುಳ್ಳು ಹೇಳುತ್ತಿಲ್ಲ, ನಿಮ್ಮ ಅಕ್ಕನ ಮಗಳೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಮಗೆ ಕಂಡದ್ದನ್ನು ಹೇಳುತ್ತಿದ್ದಾರೆ. ಆದರೆ ಅವರಿಗೆ ಕಾಣುವುದೇ ಅಷ್ಟು.

ಸ್ವಲ್ಪ ಯೋಚಿಸಿ. ಆ ಹುಡುಗಿಯರು ಧಣಿಗಳ ಎದುರು ಬಂದು ನಿಲ್ಲುವುದು ಯಾವಾಗ? ಕೆಲಸಕ್ಕೆ ಸೇರುವ ದಿನ, ಅಡ್ವಾನ್ಸ್ ಕೇಳುವ ದಿನ, ಲೆಕ್ಕ ಚುಕ್ತಾ ಮಾಡಿಕೊಂಡು ಹೊರಡುವ ದಿನ. ಮೂರು ದಿನವೂ ಮಾತು ದುಡ್ಡಿನದ್ದೇ. ಹಾಗಾಗಿ ಅವರ ಕಣ್ಣಿಗೆ ಇವರು ದುಡ್ಡಿನ ಜನ. ಸೇವಾ ಸಂಸ್ಥೆಯವರು, ಲೇಬರ್ ಆಫೀಸಿನವರು ಇವರನ್ನು ನೋಡುವುದು ಸಂಬಳ ಸಿಗದೇ ಇದ್ದಾಗ, ಬೆರಳಿಗೆ ಪೆಟ್ಟಾದಾಗ, ಏಜೆಂಟ್ ಕೈಕೊಟ್ಟಾಗ. ಅಲ್ಲಿ ಕಷ್ಟ ಬಿಟ್ಟು ಬೇರೆ ಮಾತಿಲ್ಲ. ನೀವು ಬೆಳಗ್ಗಿನಿಂದ ಸಂಜೆ ತನಕ ಕಟಿಂಗ್ ಟೇಬಲ್ ಹತ್ತಿರ ಇರುತ್ತೀರಿ. ಅವರು ನಗುವುದು, ಜಗಳ ಆಡುವುದು, ಮಧ್ಯಾಹ್ನ ಊಟ ಬಿಟ್ಟು ಮನೆಗೆ ವಿಡಿಯೋ ಕಾಲ್ ಮಾಡುವುದು ಎಲ್ಲವೂ ನಿಮಗೆ ಗೊತ್ತು. ಹಾಗಾಗಿ ಮೂರರಲ್ಲಿ ನಿಮ್ಮ ಅಂದಾಜನ್ನೇ ನಾನು ಜಾಸ್ತಿ ನಂಬುತ್ತೇನೆ.

ನಾನು ಮೊದಲು ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿದ್ದು, ಈಗ ಸಣ್ಣ ಕಾರ್ಖಾನೆಗಳಿಗೆ ಕಾರ್ಮಿಕ ಕಾನೂನಿನ ಸಲಹೆ ಕೊಡುತ್ತಿರುವವನು. ಮಂಗಳೂರು ಹತ್ತಿರದ ಬೈಕಂಪಾಡಿ ಕೈಗಾರಿಕಾ ಪ್ರದೇಶದಿಂದ ಮಲ್ಪೆ ಬಂದರಿನ ತನಕ ಮಾಲೀಕರು ಆಡುವ ಮಾತು ಹೆಚ್ಚುಕಮ್ಮಿ ಒಂದೇ. ಮೊದಲ ವರ್ಷ ಹೊಗಳಿಕೆ: ‘ಹಿಂದಿಯವರು ಬಂದದ್ದರಿಂದ ಬದುಕಿಕೊಂಡೆವು ಮಾರಾಯ್ರೆ. ರಜೆ ಕೇಳುವುದಿಲ್ಲ, ಓವರ್‌ಟೈಮ್ ಅಂದರೆ ರೆಡಿ. ನಮ್ಮ ಊರಿನವರಿಗೆ ಇವತ್ತು ಮದುವೆ, ನಾಳೆ ನೇಮ, ನಾಡಿದ್ದು ಬ್ರಹ್ಮಕಲಶ.’ ಮೂರನೇ ವರ್ಷಕ್ಕೆ ಅದೇ ಬಾಯಲ್ಲಿ, ‘ಅವರೂ ಕೆಟ್ಟರು. ಇಲ್ಲಿನ ನೀರು ಕುಡಿದು ಬುದ್ಧಿ ಬಂದಿದೆ.’

ಈ ಹೊಗಳಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಿಮ್ಮ ಫ್ಯಾಕ್ಟರಿಯ ಊರಿನ ಹೆಂಗಸರು ಸಂಜೆ ನಾಲ್ಕೂವರೆಗೆ ಬ್ಯಾಗ್ ಎತ್ತುತ್ತಾರೆ ಅಲ್ವಾ? ಬಸ್ ಹಿಡಿಯಬೇಕು, ದನ ಕರೆಯಬೇಕು, ಮಗು ಟ್ಯೂಷನ್‌ನಿಂದ ಬರುತ್ತದೆ, ಅತ್ತೆಗೆ ಮಾತ್ರೆ ಕೊಡಬೇಕು. ಒಡಿಶಾದ ಹುಡುಗಿ ಇರುವುದು ಫ್ಯಾಕ್ಟರಿ ಹಿಂದಿನ ರೂಮಿನಲ್ಲಿ. ಅವಳಿಗೆ ಹಿಡಿಯಬೇಕಾದ ಬಸ್ಸಿಲ್ಲ, ಹೋಗಬೇಕಾದ ಮದುವೆ ಇಲ್ಲ, ಕಾಯುವವರೂ ಇಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ರೂಮಿನಲ್ಲಿ ಸುಮ್ನೆ ಕೂತರೆ ನಷ್ಟ. ಏಳು ಗಂಟೆ ತನಕ ಬೀಜ ಸುಲಿಯುತ್ತಾಳೆ. ಇದನ್ನು ನೋಡಿ ಧಣಿಗಳು ‘ಅವರ ಸ್ವಭಾವವೇ ಹಾಗೆ, ದುಡಿಯುವ ಜನ’ ಅನ್ನುತ್ತಾರೆ. ಇದೇ ಹುಡುಗಿಯನ್ನು ಮದುವೆ ಮಾಡಿ ಕಾರ್ಕಳದಲ್ಲೇ ಮನೆ ಮಾಡಿಸಿ ನೋಡಿ, ಅವಳೂ ನಾಲ್ಕೂವರೆಗೆ ಬ್ಯಾಗ್ ಎತ್ತುತ್ತಾಳೆ.

ಇದು ನಮ್ಮ ಊರಿನ ಮಾಲೀಕರ ವಿಶೇಷವೇನೂ ಅಲ್ಲ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಹೋಟೆಲ್, ಪೀಠೋಪಕರಣ ಕಾರ್ಖಾನೆ, ಪ್ರಿಂಟಿಂಗ್ ಪ್ರೆಸ್, ಆಸ್ಪತ್ರೆ ನಡೆಸುವವರನ್ನು ಮಾತಾಡಿಸಿ ರೋಜರ್ ವಾಲ್ಡಿಂಗರ್ ಮತ್ತು ಮೈಕಲ್ ಲಿಕ್ಟರ್ ಅನ್ನುವ ಸಮಾಜಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಮಾಲೀಕರೂ ಮೆಕ್ಸಿಕೋ, ಮಧ್ಯ ಅಮೆರಿಕದಿಂದ ಬಂದವರ ಬಗ್ಗೆ ಇದೇ ರಾಗ ಹಾಡಿದ್ದರು. ಅಧ್ಯಯನ ಮಾಡಿದವರಿಗೆ ಕಂಡದ್ದು ಏನೆಂದರೆ, ಸಣ್ಣ ಸಂಬಳದ ಕೆಲಸಕ್ಕೆ ಮಾಲೀಕರು ಹುಡುಕುವುದು ಕೌಶಲಕ್ಕಿಂತ ಜಾಸ್ತಿ ಹೇಳಿದ್ದು ಕೇಳುವ ಗುಣವನ್ನು. ಹೊಸದಾಗಿ ಬಂದವರು ಕೇಳುತ್ತಾರೆ, ಯಾಕೆಂದರೆ ಅವರು ಇಲ್ಲಿನ ಸಂಬಳವನ್ನು ತಮ್ಮ ಊರಿನ ಸಂಬಳದ ಪಕ್ಕ ಇಟ್ಟು ನೋಡುತ್ತಾರೆ.

ನಮ್ಮಲ್ಲೂ ಆ ಲೆಕ್ಕ ಕಣ್ಣಿಗೆ ಕಾಣುವ ಹಾಗಿದೆ. 2024-25ರಲ್ಲಿ ನರೇಗಾ ದಿನಗೂಲಿ ಕರ್ನಾಟಕದಲ್ಲಿ 349 ರೂಪಾಯಿ, ಒಡಿಶಾದಲ್ಲಿ 254, ಜಾರ್ಖಂಡ್‌ನಲ್ಲಿ 245. ಸರ್ಕಾರವೇ ಕೊಡುವ ಕೂಲಿಯಲ್ಲಿ ನೂರು ರೂಪಾಯಿ ಹತ್ತಿರದ ವ್ಯತ್ಯಾಸ. ಖಾಸಗಿ ಕೆಲಸದಲ್ಲಿ ಇನ್ನೂ ಜಾಸ್ತಿ. ಮೊದಲ ವರ್ಷ ಬಂದವಳು 245 ರೂಪಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಕೂಲಿ ನೋಡುತ್ತಾಳೆ. ಎರಡು ಮೂರು ವರ್ಷ ಕಳೆದ ಮೇಲೆ ಪಕ್ಕದ ಟೇಬಲ್ಲಿನ ಊರಿನ ಹೆಂಗಸಿಗೆ ಎಷ್ಟು ಅಂತ ನೋಡುತ್ತಾಳೆ. ಅದನ್ನೇ ಮಾಲೀಕರು ‘ಕೆಟ್ಟರು’ ಅನ್ನುವುದು. ಕೆಟ್ಟದ್ದೇನೂ ಇಲ್ಲ. ಇಲ್ಲಿಯವಳಾಗುತ್ತಾ ಬಂದಳು, ಅಷ್ಟೆ.

ಈ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಪಾಠ ಬೇಕಾಗಿಲ್ಲ. ಒಂದು ಕಾಲದಲ್ಲಿ ಉಡುಪಿ, ಕುಂದಾಪುರ, ಮೂಲ್ಕಿ ಕಡೆಯ ಹುಡುಗರು ಹನ್ನೆರಡು ಹದಿಮೂರು ವರ್ಷಕ್ಕೇ ಮುಂಬಯಿ ಹೋಟೆಲುಗಳಿಗೆ ಹೋದರು. ಬೆಳಗ್ಗೆ ಗ್ಲಾಸ್ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ಹೋಟೆಲ್ ಬಾಗಿಲು ಹಾಕಿದ ಮೇಲೆ ಮೇಜಿನ ಮೇಲೆ ಮಲಗಿದರು. ಆಗ ಅಲ್ಲಿಯವರ ಬಾಯಲ್ಲಿ ನಾವೂ ‘ದುಡಿಯುವ ಜನ’. ಗಲ್ಫ್‌ಗೆ ಹೋದ ನಮ್ಮವರು ಶುಕ್ರವಾರವೂ ಓವರ್‌ಟೈಮ್ ಮಾಡುತ್ತಾರೆ. ಊರಿಗೆ ಬಂದ ಎರಡು ತಿಂಗಳು ಒಂದು ತೆಂಗಿನಕಾಯಿಯನ್ನೂ ಎತ್ತಿಡುವುದಿಲ್ಲ. ಮನುಷ್ಯ ಒಬ್ಬನೇ, ಜಾಗ ಬೇರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕಲ್ ಪಿಯೋರ್ 1979ರಲ್ಲೇ ಇದನ್ನು ವಿವರಿಸಿದ್ದರು. ವಲಸೆ ಬಂದವರಿಗೆ, ಅದರಲ್ಲೂ ಬಂದ ಹೊಸತರಲ್ಲಿ, ಇಲ್ಲಿನ ಕೆಲಸ ಬರೀ ಸಂಪಾದನೆಯ ದಾರಿ. ಅವರ ಮಾನ, ಮರ್ಯಾದೆ, ಹೆಸರು ಎಲ್ಲಾ ಇರುವುದು ಊರಲ್ಲಿ. ಮುಂಬಯಿಯಲ್ಲಿ ಗ್ಲಾಸ್ ತೊಳೆದವನು ಊರಿನ ಕೋಲಕ್ಕೆ ಬಿಳಿ ಅಂಗಿ ಹಾಕಿಕೊಂಡು ಬಂದು ವಂತಿಗೆ ಕೊಡುತ್ತಿದ್ದನಲ್ಲ, ಅದೇ.

ಹಾಗಾದರೆ ‘ದುಡ್ಡಿಗೋಸ್ಕರ ಬಂದವರು’ ಅನ್ನೋದು ಸರಿಯಲ್ಲವಾ? ಸರಿ. ಆದರೆ ಆ ಮಾತಿನಿಂದ ನಿಮಗೇನೂ ಉಪಯೋಗ ಇಲ್ಲ. ಯಾವ ದುಡ್ಡು, ಯಾವುದಕ್ಕೆ, ಯಾವ ತಿಂಗಳಲ್ಲಿ ಬೇಕು ಅಂತ ಗೊತ್ತಾದರೆ ಮಾತ್ರ ಉಪಯೋಗ.

ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಜಾರ್ಖಂಡ್‌ನ ಒಬ್ಬ ವೆಲ್ಡರ್ ಇದ್ದ. ಮೊಬೈಲಿನಲ್ಲಿ ಅವನ ಹೆಂಡತಿ ಮಕ್ಕಳ ಫೋಟೋಗಿಂತ ಜಾಸ್ತಿ ಇದ್ದದ್ದು ಊರಲ್ಲಿ ಕಟ್ಟುತ್ತಿದ್ದ ಮನೆಯದ್ದು. ಪಾಯ, ಗೋಡೆ, ಲಿಂಟಲ್, ಎಲ್ಲವೂ ಬೇರೆ ಬೇರೆ ತಿಂಗಳಲ್ಲಿ ತಮ್ಮ ಕಳಿಸಿದ್ದು. ಗೋಡೆ ಏಳುವ ತನಕ ತಿಂಗಳ ಸಂಬಳ ಸಾಕಾಗುತ್ತಿತ್ತು. ಸ್ಲ್ಯಾಬ್ ಹಾಗಲ್ಲ. ಕಬ್ಬಿಣ, ಸಿಮೆಂಟ್, ಸೆಂಟ್ರಿಂಗ್, ಆಳು, ಎಲ್ಲದಕ್ಕೂ ಒಂದೇ ಸಲ ದುಡ್ಡು ಬೇಕು. ಅದೂ ಮಳೆಗೆ ಮೊದಲು. ಅವನು ಮಾಲೀಕರ ಹತ್ತಿರ ದೊಡ್ಡ ಅಡ್ವಾನ್ಸ್ ಕೇಳಿದ. ‘ಕೊಟ್ಟರೆ ಓಡಿಹೋಗುತ್ತಾನೆ’ ಅಂತ ಅವರು ಕೊಡಲಿಲ್ಲ. ಸುರತ್ಕಲ್ ಕಡೆಯ ಕಂಟ್ರಾಕ್ಟರ್ ಕೊಟ್ಟ. ವೆಲ್ಡರ್ ಹೋದ. ‘ಇನ್ನೂರು ರೂಪಾಯಿಗೆ ಓಡಿದ ನೋಡಿ’ ಅಂತ ಮಾಲೀಕರು ಇವತ್ತಿಗೂ ಹೇಳುತ್ತಾರೆ. ಕೂಲಿ ಅಲ್ಲಿ ಇನ್ನೂರು ಜಾಸ್ತಿ ಇದ್ದದ್ದು ನಿಜ. ಅವನು ಹೋದದ್ದು ಮಾತ್ರ ಸ್ಲ್ಯಾಬಿಗೆ.

ಇಲ್ಲಿ ಇನ್ನೊಂದು ವಿಷಯ ಇದೆ. ಬರುವ, ಹೋಗುವ ತೀರ್ಮಾನ ಒಬ್ಬರದ್ದೇ ಆಗಿರುವುದಿಲ್ಲ. ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ ಅನ್ನುವ ಅರ್ಥಶಾಸ್ತ್ರಜ್ಞರು 1985ರಿಂದ ಇದನ್ನು ಒತ್ತಿ ಹೇಳುತ್ತಾ ಬಂದಿದ್ದಾರೆ: ವಲಸೆ ಅನ್ನೋದು ಮನೆಯವರೆಲ್ಲ ಸೇರಿ ಮಾಡುವ ಏರ್ಪಾಡು. ಗದ್ದೆ ಮಳೆಯನ್ನು ನಂಬಿದೆ, ಒಬ್ಬ ಮಗ ಗದ್ದೆ ನೋಡಲಿ, ಒಬ್ಬಳು ಮಗಳು ಎರಡು ವರ್ಷ ಹೊರಗೆ ದುಡಿಯಲಿ, ಸಣ್ಣವನು ಓದಲಿ. ಬ್ಯಾಂಕ್ ಸಾಲ ಸಿಗದ, ಬೆಳೆವಿಮೆ ಸರಿಯಾಗಿ ಬಾರದ ಮನೆಗೆ ಹೊರಗೆ ದುಡಿಯುವ ಮಗಳೇ ವಿಮೆ. ನಿಮ್ಮ ಹುಡುಗಿಯರಲ್ಲಿ ಒಬ್ಬಳು ಹಠಾತ್ತಾಗಿ ಹೊರಟಳು ಅಂದರೆ ಅಣ್ಣ ಹೊರಗೆ ಹೋಗುವ ಸರದಿ ಬಂದಿರಬಹುದು, ಅಮ್ಮನಿಗೆ ಹುಷಾರಿಲ್ಲದೆ ಇರಬಹುದು, ಮದುವೆ ಕುದುರಿರಬಹುದು. ಐವತ್ತು ರೂಪಾಯಿಯ ಮಾತು ಬರುವುದು ಇದೆಲ್ಲ ಆದ ಮೇಲೆ.

ಹುಡುಗಿಯರ ವಿಷಯದಲ್ಲಿ ಮನೆಯ ಲೆಕ್ಕದ ಒಳಗೆ ಅವರದ್ದೇ ಒಂದು ಲೆಕ್ಕವೂ ಇರುತ್ತದೆ. ತನ್ನ ಹೆಸರಿನ ಖಾತೆ, ತನ್ನ ಮೊಬೈಲ್, ಮದುವೆಯನ್ನು ಒಂದೆರಡು ವರ್ಷ ಮುಂದೆ ತಳ್ಳುವ ಅವಕಾಶ, ಸಮುದ್ರ ನೋಡುವ ಆಸೆ. ಇದನ್ನು ಅವರು ಧಣಿಗಳಿಗೆ ಹೇಳುವುದಿಲ್ಲ, ಹೇಳಿದರೆ ಸಂಬಳ ಏರಿಸುವ ಮಾತಿಗೆ ಬಲ ಇರುವುದಿಲ್ಲ. ಸಂಸ್ಥೆಯವರಿಗೂ ಹೇಳುವುದಿಲ್ಲ, ಅಲ್ಲಿ ಕಷ್ಟ ಹೇಳಿದವರಿಗೆ ಮಾತ್ರ ಸಹಾಯ. ‘ಮನೆಯಲ್ಲಿ ತುಂಬಾ ಕಷ್ಟ’ ಅನ್ನುವ ಉತ್ತರ ಎರಡೂ ಕಡೆ ನಡೆಯುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಮಲ್ಪೆ ಬೀಚಿನ ಸೆಲ್ಫಿ ಊರಿನ ಗೆಳತಿಗೆ ಕಳಿಸುವಾಗ ಅವಳು ಬರೆಯುವ ಸಾಲು ಬೇರೆಯೇ ಇರುತ್ತದೆ. ನಿಮಗೆ ಆ ಸಾಲು ಗೊತ್ತಿದೆ ಅಂತ ನನ್ನ ಊಹೆ. ಹಾಗಾಗಿಯೇ ಅಕ್ಕನ ಮಗಳ ‘ಪಾಪ’ ನಿಮಗೆ ಒಗ್ಗಲಿಲ್ಲ.

ಈಗ ನಿಮ್ಮ ಚೌತಿ ವಿಷಯಕ್ಕೆ ಬರೋಣ. ನಿಮ್ಮಲ್ಲಿರುವ ಒಡಿಶಾದವರು ಸುಂದರ್‌ಗಢ, ಸಂಬಲ್‌ಪುರ, ಬಲಾಂಗೀರ್, ಕಾಲಾಹಂಡಿ ಕಡೆಯವರಾದರೆ ಅವರು ಹೋದದ್ದು ಚೌತಿಗಲ್ಲ, ನುವಾಖಾಯಿಗೆ. ಪಶ್ಚಿಮ ಒಡಿಶಾದ ದೊಡ್ಡ ಹಬ್ಬ ಅದು, ಚೌತಿಯ ಮರುದಿನ ಬರುತ್ತದೆ. ಹೊಸ ಭತ್ತದ ಅಕ್ಕಿಯನ್ನು ದೇವರಿಗಿಟ್ಟು ಮನೆಮಂದಿ ಸೇರಿ ಉಣ್ಣುವುದು, ಹಿರಿಯರ ಕಾಲಿಗೆ ಬೀಳುವುದು. ನಮ್ಮ ಪುದ್ದಾರ್, ಕ್ರಿಶ್ಚಿಯನ್ನರ ಮೊಂತಿ ಫೆಸ್ತ್ ಹೇಗೋ ಹಾಗೆ. ಜಾರ್ಖಂಡ್‌ನವರಿಗೆ ಅದಾದ ಕೆಲವೇ ದಿನಕ್ಕೆ ಕರಮ ಹಬ್ಬ. ಕರಾವಳಿ ಒಡಿಶಾದವರಾದರೆ ಜೂನ್ ಮಧ್ಯದಲ್ಲಿ ರಜ ಹಬ್ಬಕ್ಕೆ ಹೊರಡುತ್ತಾರೆ, ಬಿಹಾರದವರು ದೀಪಾವಳಿ ಕಳೆದು ಆರು ದಿನಕ್ಕೆ ಬರುವ ಛಠ್‌ಗೆ. ಇಷ್ಟು ವರ್ಷ ಇವರನ್ನು ದುಡಿಸಿಕೊಂಡ ಎಷ್ಟು ಆಫೀಸುಗಳ ಗೋಡೆಯ ಕ್ಯಾಲೆಂಡರಿನಲ್ಲಿ ಈ ಹಬ್ಬಗಳಿಗೆ ಒಂದು ಗುರುತು ಇದೆ ಹೇಳಿ?

ಇನ್ನು ದಾರಿ. ಮಂಗಳೂರಿನಿಂದ ಕರಾವಳಿ ಒಡಿಶಾ ದಾಟಿ ಬಂಗಾಳಕ್ಕೆ ಹೋಗುವ ಸಾಂತ್ರಾಗಾಛಿ ವಿವೇಕ ಎಕ್ಸ್‌ಪ್ರೆಸ್ ವಾರಕ್ಕೊಂದೇ. ಪಶ್ಚಿಮ ಒಡಿಶಾಕ್ಕೆ ಹೋಗುವವರು ಒಂದೆರಡು ಕಡೆ ರೈಲು ಬದಲಿಸಬೇಕು. ಹೋಗಲು ಎರಡು ಮೂರು ದಿನ, ಬರಲು ಅಷ್ಟೇ. ಹತ್ತು ದಿನ ರಜೆ ಕೊಟ್ಟರೆ ಮನೆಯಲ್ಲಿ ಉಳಿಯುವುದು ನಾಲ್ಕೋ ಐದೋ ದಿನ. ವಾಪಸ್ ಟಿಕೆಟ್ ಕನ್ಫರ್ಮ್ ಆಗದಿದ್ದರೆ ಇನ್ನೊಂದು ವಾರ ಹೋಯಿತು. ಹದಿನೈದನೇ ದಿನ ಫೋನ್ ಮಾಡಿ ಬೈದರೆ ‘ಬರುತ್ತೇನೆ ದೀದಿ’ ಅನ್ನುತ್ತಾರೆ. ಇಪ್ಪತ್ತನೇ ದಿನ ಫೋನ್ ಎತ್ತುವುದಿಲ್ಲ. ಬೈಗುಳ ತಿಂದು ಹಳೆಯ ಜಾಗಕ್ಕೆ ಬರುವುದಕ್ಕಿಂತ ಊರಿನ ಗೆಳತಿಯರ ಜೊತೆ ತಿರುಪ್ಪೂರಿಗೋ ಬೆಂಗಳೂರಿನ ಗಾರ್ಮೆಂಟ್ಸಿಗೋ ಹೋಗುವುದೇ ಸುಲಭ. ನಿಮ್ಮ ಆರು ಮಂದಿಯಲ್ಲಿ ಒಬ್ಬಿಬ್ಬರಾದರೂ ಹೀಗೆ ಕೈತಪ್ಪಿರಬಹುದು.

ಇದರ ಪಕ್ಕದಲ್ಲಿ ಮಲ್ಪೆ ಬಂದರನ್ನು ಇಟ್ಟು ನೋಡಿ. ಆಳಸಮುದ್ರ ಬೋಟುಗಳಲ್ಲಿ ಒಡಿಶಾ, ಆಂಧ್ರ, ಜಾರ್ಖಂಡ್‌ನ ಕಲಾಸಿಗಳು, ಅಂದರೆ ಬೋಟಿನ ಆಳುಗಳು, ತುಂಬಾ ಇದ್ದಾರೆ. ಕೆಲಸ ಗೇರುಬೀಜಕ್ಕಿಂತ ಎಷ್ಟೋ ಪಾಲು ಕಠಿಣ, ಒಂದು ಸಲ ಹೋದರೆ ಹತ್ತು ದಿನ ನೆಲ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಎಲ್ಲರೂ ಊರಿಗೆ ಹೋಗುತ್ತಾರೆ. ‘ಓಡಿಹೋದರು’ ಅಂತ ಯಾವ ಬೋಟ್ ಮಾಲೀಕರೂ ಹೇಳುವುದಿಲ್ಲ. ಆಗಸ್ಟ್ ಹತ್ತಿರ ಬಂದ ಹಾಗೆ ಬೋಟ್ ನಡೆಸುವ ತಾಂಡೇಲರು ತಮ್ಮ ಜನಕ್ಕೆ ಫೋನ್ ಮಾಡಿ ಒಟ್ಟು ಮಾಡುತ್ತಾರೆ. ಎಲ್ಲರೂ ಬರುತ್ತಾರೆ ಅಂತಲ್ಲ, ಅಲ್ಲೂ ಆಳಿನ ತಾಪತ್ರಯ ಇದೆ. ಆದರೆ ಊರಿಗೆ ಹೋಗುವುದನ್ನು ಅಲ್ಲಿ ಯಾರೂ ದ್ರೋಹ ಅಂತ ನೋಡುವುದಿಲ್ಲ, ಯಾಕೆಂದರೆ ರಜೆ ಉದ್ಯಮದ ಲೆಕ್ಕದ ಒಳಗೇ ಇದೆ. ಮೀನಿಗೆ ಮೊಟ್ಟೆ ಇಡಲು ಸಮಯ ಬೇಕು ಅಂತ ಒಪ್ಪಿಕೊಂಡ ನಾವು ಹುಡುಗಿಗೆ ಹೊಸ ಅಕ್ಕಿ ಉಣ್ಣಲು ಸಮಯ ಕೊಡಲಾರೆವಾ?

ಊರಿಗೆ ಹೋಗುವ ಆಸೆಯನ್ನು ತಪ್ಪು ಓದಿದ್ದು ಮಾಲೀಕರು ಮಾತ್ರ ಅಲ್ಲ. 2020ರ ಮೇ ತಿಂಗಳು ನೆನಪಿರಬಹುದು. ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದ ಹೊರರಾಜ್ಯದವರು ಊರಿಗೆ ಕಳಿಸಿ ಅಂತ ಕೇಳುತ್ತಿದ್ದರು. ಆಗ ನಮ್ಮ ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿ, ಕಟ್ಟಡ ಕೆಲಸ ಶುರುವಾಗುತ್ತದೆ, ಇವರು ಹೋಗುವ ಅಗತ್ಯ ಇಲ್ಲ ಅಂತ ವಿಶೇಷ ರೈಲುಗಳನ್ನೇ ರದ್ದು ಮಾಡಿತು. ದೇಶವೆಲ್ಲ ಉಗಿದ ಮೇಲೆ ಎರಡು ಮೂರು ದಿನದಲ್ಲಿ ತೀರ್ಮಾನ ಬದಲಾಯಿತು. ಮಂಗಳೂರಿನಲ್ಲೂ ನೂರಾರು ಮಂದಿ ರೈಲು ನಿಲ್ದಾಣದ ಹತ್ತಿರ ಬಂದು ಕೂತಿದ್ದರು. ‘ಕೆಲಸ ಕೊಡುತ್ತೇವೆ ಅಂದರೂ ಯಾಕೆ ಹೋಗುತ್ತಾರೆ’ ಅಂತ ಆಗ ಕೇಳಿದವರು ಬಹಳ. ಸಾಯುವ ಭಯ ಬಂದಾಗ ಯಾರಾದರೂ ಕಂಟ್ರಾಕ್ಟರ್ ಹತ್ತಿರ ಇರಲು ಬಯಸುತ್ತಾರಾ?

ಸೇವಾ ಸಂಸ್ಥೆಗಳ ಕಡೆಯ ಸಮಸ್ಯೆ ಬೇರೆ ತರಹದ್ದು. ನಿಮ್ಮ ಅಕ್ಕನ ಮಗಳಿಗೆ ಬೇಜಾರಾಗದಿರಲಿ, ಅವರ ಕೆಲಸ ಬೇಕೇ ಬೇಕು. ಆದರೆ ‘ಏನು ಕಷ್ಟ?’ ಅಂತಲೇ ಮಾತು ಶುರು ಮಾಡಿದರೆ ಕಷ್ಟವೇ ಉತ್ತರವಾಗಿ ಬರುತ್ತದೆ. ಅದರ ಮೇಲೆ ಕಾರ್ಯಕ್ರಮ ರೂಪಿಸುತ್ತಾರೆ. ಬುಧವಾರ ಮಧ್ಯಾಹ್ನ ಆರೋಗ್ಯ ಶಿಬಿರ ಇಟ್ಟು, ಜನ ಬರಲಿಲ್ಲ ಅಂದರೆ ‘ಅರಿವಿನ ಕೊರತೆ’ ಅಂತ ವರದಿ ಬರೆಯುತ್ತಾರೆ. ಕಿಲೋ ಲೆಕ್ಕದಲ್ಲಿ ದುಡಿಯುವವಳು ಬುಧವಾರ ಎರಡು ಗಂಟೆ ಬಿಟ್ಟು ಬಂದರೆ ಆ ಕೂಲಿ ಯಾರು ಕೊಡುತ್ತಾರೆ? ಭಾನುವಾರ ಸಂಜೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸುತ್ತ ಹೋಗಿ ನೋಡಿ. ಬಟ್ಟೆ, ಚಪ್ಪಲಿ, ಮೊಬೈಲ್ ಕವರ್ ಕೊಳ್ಳುತ್ತಾ ಅವರೆಲ್ಲ ಅಲ್ಲೇ ಇರುತ್ತಾರೆ. ಶಿಬಿರ ಅಲ್ಲಿ ಇಡಬೇಕು.

ರೇಷನ್ ವಿಷಯವೂ ಹಾಗೇ. ‘ಒಂದು ದೇಶ ಒಂದು ಪಡಿತರ ಚೀಟಿ’ ಬಂದಿದೆ, ಊರಿನ ಕಾರ್ಡಿನಲ್ಲಿ ಇಲ್ಲೇ ಅಕ್ಕಿ ತೆಗೆದುಕೊಳ್ಳಬಹುದು. ಆದರೂ ಯಾಕೆ ತೆಗೆದುಕೊಳ್ಳುವುದಿಲ್ಲ? ಗೊತ್ತಿಲ್ಲದೆ ಅಂತ ಸಂಸ್ಥೆಯವರು ತಿಳಿಯುತ್ತಾರೆ. ಕೆಲವರಿಗೆ ಗೊತ್ತಿಲ್ಲ, ನಿಜ. ಆದರೆ ಹೆಚ್ಚಿನವರ ಪಾಲಿನ ಅಕ್ಕಿಯನ್ನು ಊರಲ್ಲಿ ಅಮ್ಮ ತರುತ್ತಾಳೆ. ಇಲ್ಲಿ ತೆಗೆದರೆ ಅಲ್ಲಿ ಕಡಿಮೆ. ಅದು ಅಜ್ಞಾನ ಅಲ್ಲ, ಮನೆ ನಡೆಸುವ ಜಾಣತನ.

ಇನ್ನು ಪಿಎಫ್. ‘ಅವರಿಗೇ ಬೇಡ ಸಾರ್, ಕೈಗೆ ಪೂರ್ತಿ ಸಂಬಳ ಕೊಡಿ ಅನ್ನುತ್ತಾರೆ’ ಅಂತ ಮಾಲೀಕರು ಹೇಳುವಾಗ ನಾನು ಯಾವಾಗಲೂ ಸ್ವಲ್ಪ ನಗುತ್ತೇನೆ. ಕಾರ್ಮಿಕರಿಗೆ ಬೇಡ ಅನ್ನಿಸುವುದಕ್ಕೆ ಕಾರಣ ಇದೆ. ಆಧಾರ್‌ನಲ್ಲಿ ಹೆಸರು ಒಂದು ತರಹ, ಪಿಎಫ್ ಖಾತೆಯ ನಂಬರ್ ಆದ ಯುಎಎನ್‌ನಲ್ಲಿ ಇನ್ನೊಂದು ತರಹ. ಹಳೆಯ ಮೊಬೈಲ್ ನಂಬರ್ ಹೋಗಿರುತ್ತದೆ, ಓಟಿಪಿ ಬರುವುದಿಲ್ಲ, ಹಿಂದಿನ ಫ್ಯಾಕ್ಟರಿಯ ದುಡ್ಡು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಸಿಗದ ದುಡ್ಡಿಗೆ ಯಾರು ಆಸೆಪಡುತ್ತಾರೆ? ಅದನ್ನು ಸರಿಮಾಡಿಸುವ ಬದಲು ‘ಅವರಿಗೇ ಬೇಡ’ ಅಂದರೆ ಮಾಲೀಕರ ಪಾಲಿನ 12 ಶೇಕಡಾ ಉಳಿಯುತ್ತದೆ. ಕಾರ್ಮಿಕರ ಮನಸ್ಸಿನ ಬಗ್ಗೆ ನಾವು ಇಟ್ಟುಕೊಳ್ಳುವ ಅಭಿಪ್ರಾಯಗಳಲ್ಲಿ ಎಷ್ಟೋ ಹೀಗೆ ನಮಗೇ ಲಾಭದ್ದಾಗಿರುತ್ತವೆ. 20 ಜನಕ್ಕಿಂತ ಜಾಸ್ತಿ ಇರುವ ನಿಮ್ಮ ಫ್ಯಾಕ್ಟರಿಗೆ ಪಿಎಫ್ ಕಡ್ಡಾಯ, ತಿಂಗಳಿಗೆ 15,000 ರೂಪಾಯಿ ತನಕ ಸಂಬಳ ಇರುವವರ ಬೇಕು ಬೇಡ ಅಲ್ಲಿ ನಡೆಯುವುದಿಲ್ಲ. ಒಂದು ಭಾನುವಾರ ನಿಮ್ಮ ಅಕ್ಕನ ಮಗಳನ್ನು ಕರೆದು ಮೂವತ್ತು ಮಂದಿಯ ಹೆಸರು, ನಂಬರ್ ಸರಿಮಾಡಿಸಲು ಹೇಳಿ. ಹತ್ತು ಜಾಗೃತಿ ಭಾಷಣಕ್ಕಿಂತ ಅದು ದೊಡ್ಡ ಸೇವೆ.

ಘಟ್ಟದ ಮೇಲಿನಿಂದ, ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಸಂಸಾರ ಸಮೇತ ಕಟ್ಟಡ ಕೆಲಸಕ್ಕೆ ಬರುವವರ ಕಥೆ ಬೇರೆ. ನೀವು ಅದನ್ನು ಕೇಳಿಲ್ಲ, ಹಾಗಾಗಿ ಒಂದೇ ಮಾತು: ಕನ್ನಡ ಮಾತಾಡುತ್ತಾರೆ ಅನ್ನುವ ಕಾರಣಕ್ಕೆ ಅವರಿಗೆ ಯಾವ ಸಹಾಯವೂ ಬೇಡ ಅಂತ ಎಲ್ಲರೂ ತಿಳಿದುಬಿಟ್ಟಿದ್ದಾರೆ. ಹೊರರಾಜ್ಯದವರಿಗಾಗಿ ಇರುವ ಕಾನೂನೂ ಅವರಿಗೆ ಅನ್ವಯ ಆಗುವುದಿಲ್ಲ.

ಆ ಕಾನೂನಿನ ಬಗ್ಗೆ ನಿಮಗೆ ಗೊತ್ತಿರಲಿ. ಒಡಿಶಾದಲ್ಲಿ ‘ದಾದನ್’ ಅಂತ ಮುಂಗಡ ಕೊಟ್ಟು ಆಳುಗಳನ್ನು ಹೊರಗೆ ಒಯ್ಯುತ್ತಿದ್ದ ಪದ್ಧತಿಯ ಅನ್ಯಾಯ ನೋಡಿ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಅದು ಕಂಟ್ರಾಕ್ಟರ್ ಮೂಲಕ ಬಂದವರಿಗೆ ಮಾತ್ರ ಆಗಿತ್ತು. ಈಗ ಅದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಾವಾಗಿ ಬಂದು ಕೆಲಸ ಹಿಡಿದವರನ್ನೂ, ತಿಂಗಳಿಗೆ 18,000 ರೂಪಾಯಿ ತನಕ ಸಂಬಳ ಇದ್ದರೆ, ಅದು ಅಂತರರಾಜ್ಯ ವಲಸೆ ಕಾರ್ಮಿಕರು ಅಂತ ಲೆಕ್ಕಕ್ಕೆ ಹಿಡಿಯುತ್ತದೆ. ಅಂಥವರು 10 ಅಥವಾ ಹೆಚ್ಚು ಮಂದಿ ಇರುವಲ್ಲಿ, ನಿಯಮದಲ್ಲಿ ಹೇಳಿದಷ್ಟು ಕಾಲ ದುಡಿದವರಿಗೆ ಊರಿಗೆ ಹೋಗಿ ಬರುವ ಖರ್ಚನ್ನು ಮಾಲೀಕರು ಕೊಡಬೇಕು. ಅಂದರೆ ಊರಿಗೆ ಹೋಗಿ ಬರುವುದನ್ನು ಕಾನೂನೇ ಸಹಜ ಅಂತ ಒಪ್ಪಿದೆ. ಸಂಬಳ ಆ ಮಿತಿಯೊಳಗೆ ಇದ್ದರೆ ನಿಮ್ಮ ಮೂವತ್ತು ಮಂದಿಯೂ ಇದರೊಳಗೆ ಬರುತ್ತಾರೆ.

ಇನ್ನು ಮಾಡುವುದು ಏನು? ಮೊದಲನೆಯದಾಗಿ, ಹಿಡಿದಿಡುವ ಉಪಾಯಗಳನ್ನೆಲ್ಲ ಬಿಡಿಸಿ. ಆಧಾರ್ ಕಾರ್ಡ್ ಇಟ್ಟುಕೊಳ್ಳುವುದು, ‘ವಾಪಸ್ ಬಂದ ಮೇಲೆ ಕೊಡುತ್ತೇವೆ’ ಅಂತ ಒಂದು ತಿಂಗಳ ಕೂಲಿ ಹಿಡಿಯುವುದು ಈ ಕಡೆ ಮಾಮೂಲು. ಅಡ್ವಾನ್ಸ್ ತೀರುವ ತನಕ ಹೋಗಬಾರದು ಅಂತ ತಡೆದರೆ 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಕೆಳಗೆ ಅಪರಾಧ. ಅಪರಾಧದ ಮಾತು ಬಿಟ್ಟರೂ ಅದು ಕೆಲಸಕ್ಕೆ ಬರುವುದಿಲ್ಲ. ಕೂಲಿ ಹಿಡಿದಲ್ಲಿ ಜನ ವಾಪಸ್ ಬಂದು, ಬಾಕಿ ವಸೂಲು ಮಾಡಿಕೊಂಡು, ಮರುತಿಂಗಳು ಕಾಣೆಯಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪೈಸೆ ಪೈಸೆ ಚುಕ್ತಾ ಮಾಡಿ, ಒಂದು ಪ್ಯಾಕೆಟ್ ಗೇರುಬೀಜ ಮನೆಗೆ ಅಂತ ಕೊಟ್ಟು ಕಳಿಸಿದಲ್ಲಿ ಅವರು ತಂಗಿಯನ್ನೂ ಕರೆದುಕೊಂಡು ಬಂದದ್ದಿದೆ.

ಎರಡನೆಯದು, ಮಾತಾಡುವ ಸಮಯ ಬದಲಿಸಿ. ‘ಯಾಕೆ ಹೋಗುತ್ತೀಯಾ’ ಅಂತ ಹೊರಡುವ ದಿನ ಕೇಳಿದರೆ ನೆಪವೇ ಬರುತ್ತದೆ. ಸೇರಿದ ಒಂದೆರಡು ತಿಂಗಳಲ್ಲಿ, ಕೆಲಸದ ಮಧ್ಯೆ, ‘ದುಡ್ಡು ಯಾವುದಕ್ಕೆ ಸೇರಿಸುತ್ತಿದ್ದೀ? ಯಾವಾಗ ಬೇಕು? ಮನೆಯಲ್ಲಿ ಇನ್ಯಾರು ಹೊರಗೆ ದುಡಿಯುತ್ತಾರೆ?’ ಅಂತ ಕೇಳಿ. ತಂಗಿಯ ಮದುವೆ ಏಪ್ರಿಲ್‌ನಲ್ಲಿ ಅಂತ ಜನವರಿಯಲ್ಲೇ ಗೊತ್ತಿದ್ದರೆ ಅಡ್ವಾನ್ಸಿನ ಮಾತು ಧಣಿಗಳ ಹತ್ತಿರ ಮೊದಲೇ ಎತ್ತಬಹುದು. ಕಂತಿನಲ್ಲಿ ಹಿಡಿಯುವ ಹಾಗೆ, ಬಿಟ್ಟು ಹೋಗುವುದಾದರೆ ಹೋಗಬಹುದು ಅನ್ನುವ ಹಾಗೆ. ಕೆಲವರು ಅಡ್ವಾನ್ಸ್ ತಿಂದು ಹೋಗುತ್ತಾರೆ, ಇಲ್ಲ ಅನ್ನುವುದಿಲ್ಲ. ಊರಿನವರಲ್ಲೂ ಅಂಥವರು ಇಲ್ಲವಾ?

ಮೇಲೆ ಬರಲು ಒಂದು ಮೆಟ್ಟಿಲು ಇಡಿ. ಹೊರಗಿನವರನ್ನು ಹೆಚ್ಚಿನ ಕಡೆ ಕಟಿಂಗ್, ಪೀಲಿಂಗ್‌ನಲ್ಲೇ ಇಟ್ಟುಬಿಡುತ್ತಾರೆ. ‘ಹೇಗೂ ಹೋಗುವವರು, ಗ್ರೇಡಿಂಗ್ ಯಾಕೆ ಕಲಿಸಬೇಕು’ ಅನ್ನುವ ಯೋಚನೆ. ಕಲಿಸದ ಕಾರಣಕ್ಕೇ ಹೋಗುತ್ತಾರೆ ಅಂತ ಹೊಳೆಯುವುದಿಲ್ಲ. ನಿಮ್ಮಲ್ಲಿ ಮೂರು ವರ್ಷ ಆದ ಹುಡುಗಿ ಇದ್ದರೆ ಗ್ರೇಡಿಂಗ್‌ಗೆ ಹಾಕಿಸಿ, ಅವಳ ಊರಿನವರ ಲೈನ್ ನೋಡಿಕೊಳ್ಳುವ ಜವಾಬ್ದಾರಿ ಕೊಡಿಸಿ. ಅವಳು ಹಬ್ಬಕ್ಕೆ ಹೋದರೆ ತಾಂಡೇಲರ ಹಾಗೆ ತಾನೇ ಜನ ಕೂಡಿಸಿಕೊಂಡು ಬರುತ್ತಾಳೆ.

ಬಾರದ ಆರು ಮಂದಿಗೆ ಒಮ್ಮೆ ಫೋನ್ ಮಾಡಿ. ಬೈಯಲು ಬೇಡ, ಕರೆಯಲೂ ಬೇಡ. ಮನೆಯಲ್ಲಿ ಹೇಗಿದ್ದಾರೆ, ಈಗ ಎಲ್ಲಿದ್ದಾರೆ ಅಂತಷ್ಟೇ ಕೇಳಿ. ಪಿಎಫ್ ಬಾಕಿ ಇದ್ದರೆ ಹೇಗೆ ತೆಗೆಯುವುದು ಅಂತ ಹೇಳಿ. ಒಬ್ಬಿಬ್ಬರು ಬರಬಹುದು, ಬಾರದೆಯೂ ಇರಬಹುದು. ಬಾರದವರು ಬೇರೆಯವರಿಗೆ ನಿಮ್ಮ ಬಗ್ಗೆ ಒಳ್ಳೆಯ ಮಾತು ಹೇಳಿದರೂ ಸಾಕು. ಈ ಜನ ಕೆಲಸ ಹುಡುಕುವುದು ಏಜೆಂಟರ ಮಾತಿಗಿಂತ ಹೆಚ್ಚಾಗಿ ಹೋಗಿ ಬಂದವರ ಮಾತಿನ ಮೇಲೆ.

2026ರಲ್ಲಿ ಚೌತಿ ಸೆಪ್ಟೆಂಬರ್ 14ಕ್ಕೆ, ನುವಾಖಾಯಿ 15ಕ್ಕೆ. ರೈಲಿನ ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. ಅಂದರೆ ಜುಲೈ ಎರಡನೇ ವಾರಕ್ಕೆ ಯಾರು ಹೋಗುತ್ತಾರೆ ಅನ್ನುವ ಪಟ್ಟಿ ನಿಮ್ಮ ಕೈಯಲ್ಲಿರಬೇಕು, ಹೋಗುವ ಟಿಕೆಟ್ ಆಗ ತೆಗೆಯಬೇಕು. ಬರುವ ಟಿಕೆಟ್ ಆ ದಿನಾಂಕದ ಬುಕಿಂಗ್ ತೆರೆದ ದಿನವೇ. ಎಲ್ಲರೂ ಒಟ್ಟಿಗೆ ಹೋದರೆ ಬೀಜ ಒಣಗಿಸುವ ಬೋರ್ಮಾ ತಣ್ಣಗಾಗುತ್ತದೆ ಅಂತ ಧಣಿಗಳು ಹೇಳಬಹುದು. ಜಾರ್ಖಂಡ್‌ನವರು ಕರಮಕ್ಕೆ, ಒಡಿಶಾದವರು ನುವಾಖಾಯಿಗೆ ಅಂತ ಹುಡುಗಿಯರೇ ಕೂತು ಸರದಿ ಮಾಡಿಕೊಳ್ಳುತ್ತಾರೆ, ಬಿಟ್ಟು ನೋಡಿ. ಟಿಕೆಟ್ ದುಡ್ಡಿಗೆ ಧಣಿಗಳು ಮುಖ ಗಂಟಿಕ್ಕಿದರೆ, ಆರು ಹೊಸಬರನ್ನು ತರಲು ಏಜೆಂಟ್‌ಗೆ ಕೊಟ್ಟ ಕಮಿಷನ್ ಎಷ್ಟು, ಅವರು ಕೈ ಪಳಗುವ ತನಕ ತುಂಡಾದ ಬೀಜ ಎಷ್ಟು ಅಂತ ಲೆಕ್ಕ ಮಾಡಿ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಟಿಕೆಟಿನ ಮಾತು ಅದಾದ ಮೇಲೆ ತೆಗೆಯಿರಿ.